ಉದ್ಯಮಕ್ಕೆ ಇಳಿಯುವ ಮುನ್ನ ಒಂದು ಮಳೆಗಾಲದ ಲೆಕ್ಕ

ಸ್ವಂತದ್ದೇನಾದರೂ ಶುರು ಮಾಡಬೇಕು ಎನ್ನುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಯಾವ ಉದ್ಯಮ ಒಳ್ಳೆಯದು?" ಎಂಬುದು. ಎರಡನೆಯದು "ಸಬ್ಸಿಡಿ ಎಷ್ಟು?" ಉತ್ತರ ಕನ್ನಡದಲ್ಲಿ ಇವೆರಡಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ಈ ವ್ಯವಹಾರಕ್ಕೆ ಹಣ ಎಲ್ಲಿಂದ ಬರುತ್ತದೆ, ಯಾವುದಕ್ಕೆ ಹೋಗುತ್ತದೆ? ಇದಕ್ಕೆ ಕಾಗದದ ಮೇಲೆ ಉತ್ತರ ಬರೆಯಲು ಬಂದವರಿಗೆ ಉಳಿದದ್ದು ಕಲಿಯಲು ಬರುತ್ತದೆ.

ಉದ್ಯಮದ ಮೂಲ ಸಂಗತಿ ಸರಳ. ಖರ್ಚು ಮೊದಲು ಆಗುತ್ತದೆ, ಆದಾಯ ಆಮೇಲೆ ಬರುತ್ತದೆ. ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂಬುದು ಖಚಿತವಿಲ್ಲ. ಆ ನಡುವಿನ ಕಾಲವನ್ನೂ ಅನಿಶ್ಚಿತತೆಯನ್ನೂ ಹೊರುವವನೇ ಉದ್ಯಮಿ. ಹೊತ್ತದ್ದಕ್ಕೆ ಸಿಗುವ ಕೂಲಿಯೇ ಲಾಭ. ನಮ್ಮ ಜಿಲ್ಲೆಯಲ್ಲಿ ಈ ನಡುವಿನ ಕಾಲ ಬೇರೆ ಕಡೆಗಿಂತ ಉದ್ದ, ಯಾಕೆಂದರೆ ಇಲ್ಲಿನ ಬಹುತೇಕ ವ್ಯವಹಾರಗಳು ಹಂಗಾಮಿನವು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆಗ ದೋಣಿಯವರ ಜೊತೆಗೆ ಮಂಜುಗಡ್ಡೆ ಕಾರ್ಖಾನೆ, ಮೀನಿನ ಟೆಂಪೊ, ಬಲೆ ರಿಪೇರಿ, ಬಂದರಿನ ಕ್ಯಾಂಟೀನು ಎಲ್ಲದರ ಗಲ್ಲಾಪೆಟ್ಟಿಗೆಯೂ ಹಗುರಾಗುತ್ತದೆ. ಗೋಕರ್ಣದ ಕಡಲತೀರಕ್ಕೆ ಜನ ಬರುವುದು ಮಳೆ ನಿಂತ ಮೇಲೆ. ಘಟ್ಟದ ಮೇಲೆ ಲೆಕ್ಕ ಸ್ವಲ್ಪ ಬೇರೆ: ಉಂಚಳ್ಳಿ, ಮಾಗೋಡು, ಸಾತೊಡ್ಡಿ ಜಲಪಾತ ನೋಡಲು ಜನ ಬರುವುದೇ ನೀರು ತುಂಬಿದಾಗ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಗಡಿ ಬೀದಿಯಲ್ಲಿ ಹಣ ಓಡಾಡುವುದು ಅಡಿಕೆ ಮಾರಾಟವಾದ ಮೇಲೆ. ಅಲ್ಲಿ ವಯರಿಂಗ್ ಮಾಡುವವನಾಗಲಿ, ಪಂಪು ರಿಪೇರಿಯವನಾಗಲಿ "ಅಡಿಕೆ ಮಾರಿದ ಮೇಲೆ ಕೊಡುತ್ತೇನೆ" ಎಂಬ ಮಾತನ್ನು ತನ್ನ ಲೆಕ್ಕದೊಳಗೇ ಹಿಡಿಯಬೇಕು.

ಬಾಯಿಮಾತಿನಲ್ಲಿ ಇದು ಮನಸ್ಸಿಗೆ ಇಳಿಯುವುದಿಲ್ಲ. ಒಂದು ಬಾಟಲಿಯನ್ನು ಹಿಡಿದು ನೋಡೋಣ.

ಮುರುಗಲಿನ ಒಂದು ಬಾಟಲಿ

ಕರಾವಳಿಯಲ್ಲಿ ಕೋಕಂ ಎನ್ನುವ ಹುಳಿ ಹಣ್ಣೇ ಘಟ್ಟದ ಮೇಲೆ ಮುರುಗಲು. ಮನೆಮನೆಯಲ್ಲಿ ಮಾಡಲು ಬರುತ್ತದೆ, ಹಣ್ಣು ಊರಲ್ಲೇ ಸಿಗುತ್ತದೆ, ಹೊರಗಿನವರು ಇಷ್ಟಪಟ್ಟು ಕೊಳ್ಳುತ್ತಾರೆ. ಹಾಗಾಗಿ ಅನೇಕರ ಮೊದಲ ಯೋಚನೆ ಮುರುಗಲು ಸಿರಪ್. ಕೆಳಗಿನ ದರಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಊರಿನ ದರ ಹಾಕಿ ಮತ್ತೆ ಮಾಡಿ.

750 ಮಿಲಿಲೀಟರ್ ಬಾಟಲಿಗೆ ಸುಮಾರು 300 ಗ್ರಾಂ ಸಿಪ್ಪೆ, 600 ಗ್ರಾಂ ಸಕ್ಕರೆ. 300 ಗ್ರಾಂ ಸಿಪ್ಪೆಗೆ ಹತ್ತಿರ ಹತ್ತಿರ 600 ಗ್ರಾಂ ಹಣ್ಣು ಬೇಕು. ಹಣ್ಣು ಕಿಲೋಗೆ 40 ರೂಪಾಯಿ ಎಂದರೆ 24 ರೂಪಾಯಿ. ಸಕ್ಕರೆ 45ರಂತೆ 27. ಉಪ್ಪು, ಜೀರಿಗೆ 2. ಉರುವಲು, ಕರೆಂಟು 4. ಬಾಟಲಿ ಮತ್ತು ಮುಚ್ಚಳ 18, ಲೇಬಲ್ 4, ರಟ್ಟಿನ ಪೆಟ್ಟಿಗೆಯ ಪಾಲು 5. ಕೊಯ್ದು, ತುಂಬಿ, ತೊಳೆಯುವವರ ಕೂಲಿ 16. ಅಂಗಡಿಗೆ ಸಾಗಿಸಲು 8. ಒಡೆದದ್ದು, ರುಚಿ ನೋಡಲು ಕೊಟ್ಟದ್ದು ಸೇರಿ 4. ಒಟ್ಟು 112 ರೂಪಾಯಿ. ಬಾಟಲಿ ಹೆಚ್ಚಾದಂತೆ ಹೆಚ್ಚುವ ಖರ್ಚು ಇದು.

ಗರಿಷ್ಠ ಮಾರಾಟ ಬೆಲೆ 200 ಎಂದಿಟ್ಟುಕೊಳ್ಳಿ. ಅಂಗಡಿಯವರಿಗೆ ಶೇ. 20 ಬಿಟ್ಟರೆ ನಿಮ್ಮ ಕೈಗೆ 160. ಅದರಲ್ಲಿ 112 ಕಳೆದರೆ 48. ಈ 48 ಲಾಭವಲ್ಲ. ತಿಂಗಳು ತಿಂಗಳು ಬಂದೇ ಬರುವ ಖರ್ಚನ್ನು ಇದರಿಂದಲೇ ತೀರಿಸಬೇಕು. ಸಲಕರಣೆಗೆ 2.75 ಲಕ್ಷ ಸಾಲ ಮಾಡಿ, ಶೇ. 11 ಬಡ್ಡಿಯಲ್ಲಿ 5 ವರ್ಷಕ್ಕೆ ತೀರಿಸುವುದಾದರೆ ಕಂತು ಸುಮಾರು 6,000. ಕೋಣೆ ಬಾಡಿಗೆ 3,000. ಕನಿಷ್ಠ ವಿದ್ಯುತ್ ಬಿಲ್ಲು, ಫೋನು 1,200. ಪರವಾನಗಿ, ಪರೀಕ್ಷೆ, ಲೆಕ್ಕಪತ್ರದವರ ಶುಲ್ಕ ತಿಂಗಳಿಗೆ ಹಂಚಿದರೆ 800. ನಿಮ್ಮ ಸ್ವಂತ ದುಡಿಮೆಗೆ 15,000. ಎಲ್ಲ ಸೇರಿ 26,000.

26,000ವನ್ನು 48ರಿಂದ ಭಾಗಿಸಿದರೆ 542. ತಿಂಗಳಿಗೆ 542 ಬಾಟಲಿ, ವರ್ಷಕ್ಕೆ 6,500 ಬಾಟಲಿ ಮಾರಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಈ ಸಮಬಿಂದುವನ್ನು ತಿಳಿಯದೆ ಯಂತ್ರ ಕೊಳ್ಳಬಾರದು.

ಇಲ್ಲೇ ಹೆಚ್ಚಿನವರು ಎಡವುವುದು. ಸ್ವಂತ ದುಡಿಮೆಯ 15,000ವನ್ನು ಬಿಟ್ಟು ಲೆಕ್ಕ ಹಾಕಿದರೆ ಸ್ಥಿರ ಖರ್ಚು 11,000ಕ್ಕೆ ಇಳಿಯುತ್ತದೆ, ಸಮಬಿಂದು 230 ಬಾಟಲಿಗೆ ಬಂದು ನಿಲ್ಲುತ್ತದೆ. 300 ಬಾಟಲಿ ಮಾರಿದವರು ಲಾಭದಲ್ಲಿದ್ದೇನೆ ಎಂದು ನಂಬುತ್ತಾರೆ. ಮನೆಯ ಹೆಂಗಸರು ಹಗಲಿಡೀ ಹಣ್ಣು ಕೊಯ್ದದ್ದು, ಮಗ ಬೈಕಿನಲ್ಲಿ ಕುಮಟೆಗೆ ಹೋಗಿ ಪೆಟ್ಟಿಗೆ ಇಳಿಸಿ ಬಂದದ್ದು ಎಲ್ಲಿಯೂ ಬರೆದಿರುವುದಿಲ್ಲ. ಎರಡು ವರ್ಷ ಹೀಗೇ ನಡೆದು, ಮಗ ಬೆಂಗಳೂರಿಗೆ ಹೊರಟ ದಿನ ಅವನ ಜಾಗಕ್ಕೆ ಸಂಬಳದ ಆಳು ಬೇಕಾದಾಗ ಉದ್ಯಮ ಮುಂದೆ ಸಾಗುವುದಿಲ್ಲ. ಮನೆಯವರ ದುಡಿಮೆಗೆ ಮೊದಲ ದಿನದಿಂದಲೇ ಬೆಲೆ ಕಟ್ಟಿ. ಕೊಡಲು ಆಗದಿದ್ದರೆ ಬಾಕಿ ಎಂದಾದರೂ ಬರೆಯಿರಿ.

ಬೆಲೆ ಇಳಿಸುವ ಆಸೆಯನ್ನೂ ಇದೇ ಲೆಕ್ಕದಲ್ಲಿ ತೂಗಿ ನೋಡಿ. "ಸ್ವಲ್ಪ ಕಡಿಮೆ ಮಾಡಿದರೆ ಹೆಚ್ಚು ಹೋಗುತ್ತದೆ" ಎಂದು 200ರ ಬಾಟಲಿಯನ್ನು 180ಕ್ಕೆ ಇಳಿಸಿದಿರಿ ಎನ್ನೋಣ. ಅಂಗಡಿಯವರ ಪಾಲು ಹೋಗಿ ನಿಮಗೆ 144. ಖರ್ಚು 112 ಹಾಗೆಯೇ ಇದೆ. ಉಳಿದದ್ದು 32. ಈಗ ವರ್ಷಕ್ಕೆ 9,750 ಬಾಟಲಿ ಮಾರಬೇಕು. ಬೆಲೆ ಇಳಿದದ್ದು ಹತ್ತರಲ್ಲಿ ಒಂದು ಪಾಲು, ದುಡಿಯಬೇಕಾದದ್ದು ಒಂದೂವರೆ ಪಟ್ಟು. ಸಣ್ಣ ಉದ್ಯಮ ದರದಲ್ಲಿ ದೊಡ್ಡ ಕಂಪನಿಯೊಂದಿಗೆ ಪೈಪೋಟಿಗೆ ನಿಲ್ಲಬಾರದು ಎನ್ನುವುದಕ್ಕೆ ಕಾರಣ ಈ ಲೆಕ್ಕ.

ಲಾಭವಿದ್ದೂ ಕೈಯಲ್ಲಿ ಕಾಸಿಲ್ಲದ ಸ್ಥಿತಿ

ಹಣ್ಣು ಸಿಗುವುದು ಬೇಸಿಗೆಯಲ್ಲಿ, ಹೆಚ್ಚಾಗಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಜೂನ್ ಮೊದಲ ವಾರದ ಮಳೆ ಬಿದ್ದರೆ ಮರದಲ್ಲಿದ್ದ ಹಣ್ಣಿನ ಕಥೆ ಮುಗಿಯಿತು. ಸುಮಾರು 45 ದಿನದ ಈ ಸುಗ್ಗಿಯಲ್ಲಿ ವರ್ಷದ 6,500 ಬಾಟಲಿಗೆ ಬೇಕಾದ 3,900 ಕಿಲೋ ಹಣ್ಣು, ಅಷ್ಟೇ ಸಕ್ಕರೆ ಕೊಳ್ಳಬೇಕು. ಬಾಟಲಿಗೆ 51 ರೂಪಾಯಿಯಂತೆ 3,31,500 ರೂಪಾಯಿ ಒಂದೂವರೆ ತಿಂಗಳಲ್ಲಿ ಹೊರಗೆ ಹೋಗುತ್ತದೆ. ತಂಪು ಪಾನೀಯಕ್ಕೆ ಗಿರಾಕಿ ಬರುವುದೂ ಬೇಸಿಗೆಯಲ್ಲೇ. ನೀವು ಬಾಟಲಿ ತುಂಬಿ ಮುಗಿಸುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಮಳೆಗಾಲದಲ್ಲಿ ಮುರುಗಲು ಶರಬತ್ತು ಕುಡಿಯುವವರು ಯಾರು? ಬಹುಪಾಲು ಸರಕು ಮುಂದಿನ ಫೆಬ್ರುವರಿ, ಮಾರ್ಚ್‌ವರೆಗೆ ಕಾಯುತ್ತದೆ.

ಈ ಮೊತ್ತಕ್ಕೆ ಶೇ. 11ರಂತೆ 8 ತಿಂಗಳ ಬಡ್ಡಿ 24,000ದಾಚೆ. ಬಾಟಲಿಗೆ ಹಂಚಿದರೆ 4 ರೂಪಾಯಿಯ ಆಸುಪಾಸು. 48 ಉಳಿಯುತ್ತದೆ ಎಂದುಕೊಂಡದ್ದು 44ಕ್ಕೆ ಇಳಿಯಿತು, ಸಮಬಿಂದು ಸುಮಾರು 7,100 ಬಾಟಲಿಗೆ ಏರಿತು. ಸರಕು ಮಾರಾಟವಾಗುವವರೆಗೆ ಹೀಗೆ ಕಟ್ಟಿಬೀಳುವ ಹಣವೇ ದುಡಿಯುವ ಬಂಡವಾಳ. ಯೋಜನಾ ವರದಿಯಲ್ಲಿ ಯಂತ್ರದ ಬೆಲೆಯನ್ನು ರೂಪಾಯಿ ಬಿಡದೆ ಬರೆದು, ದುಡಿಯುವ ಬಂಡವಾಳಕ್ಕೆ ಅಂದಾಜಿನ ಒಂದು ಅಂಕಿ ತುಂಬುವವರು ಬಹಳ. ಎರಡನೆಯ ವರ್ಷ ಹಣ್ಣು ಕೊಳ್ಳಲು ದುಡ್ಡಿಲ್ಲದೆ ಯಂತ್ರಕ್ಕೆ ತಾಡಪತ್ರಿ ಹೊದಿಸಿ ಇಡುವುದು ಈ ತಪ್ಪಿನಿಂದ.

ಇದಕ್ಕೆ ಪರಿಹಾರ ಉತ್ಪನ್ನದ ಆಯ್ಕೆಯಲ್ಲೇ ಇರುತ್ತದೆ. ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ ಇಟ್ಟುಕೊಂಡರೆ ಸಕ್ಕರೆಯ ಹಣ ಆಗಲೇ ಸುರಿಯಬೇಕಿಲ್ಲ. ಒಣ ಸಿಪ್ಪೆ ಸಾರಿಗೆ, ಅಡುಗೆಗೆ ವರ್ಷವಿಡೀ ಹೋಗುತ್ತದೆ. ಬೀಜದಿಂದ ಮುರುಗಲು ತುಪ್ಪ ತೆಗೆಯಬಹುದು. ಅದು ಮಾರಾಟವಾಗುವುದು ಚಳಿಗಾಲದಲ್ಲಿ, ಚರ್ಮ ಒಡೆಯುವ ಹೊತ್ತಿಗೆ. ಒಂದೇ ಹಣ್ಣಿನಿಂದ ಮೂರು ಹಂಗಾಮಿನ ಆದಾಯ ಬಂದರೆ ಮಳೆಗಾಲದ ಕಂತು ಕಟ್ಟುವ ದಾರಿ ಕಾಣುತ್ತದೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲಕ್ಕೂ ಇದೇ ವಿಚಾರ: ಕಚ್ಚಾ ಸಾಮಗ್ರಿ ಯಾವಾಗ, ಮಾರಾಟ ಯಾವಾಗ, ನಡುವೆ ಎಷ್ಟು ತಿಂಗಳು.

ತಯಾರಿಕೆಯಲ್ಲಿ ಕೆಡುವುದು ಎಲ್ಲಿ ಎಂಬುದನ್ನೂ ಇಲ್ಲೇ ಹೇಳಬೇಕು. ಮನೆಯಲ್ಲಿ ಹತ್ತು ಬಾಟಲಿ ಚೆನ್ನಾಗಿ ಮಾಡುವುದಕ್ಕೂ ಡ್ರಮ್ಮಿನಲ್ಲಿ ಮಾಡುವುದಕ್ಕೂ ವ್ಯತ್ಯಾಸ ದೊಡ್ಡದು. ಸಿಪ್ಪೆ ಮತ್ತು ಸಕ್ಕರೆ ಪದರ ಪದರವಾಗಿ ಸೇರಿ ವಾರದ ಮಟ್ಟಿಗೆ ಡ್ರಮ್ಮಿನಲ್ಲಿ ಕೂರಬೇಕು, ದಿನಕ್ಕೊಮ್ಮೆ ಮಗುಚಬೇಕು. ಮೇಲಿನ ಪ್ರಮಾಣಕ್ಕೆ ಯಾವತ್ತೂ ಸುಮಾರು ಒಂದು ಟನ್ ಮಿಶ್ರಣ ಡ್ರಮ್ಮುಗಳಲ್ಲಿರುತ್ತದೆ. ನೂರು ಕಿಲೋ ಹಿಡಿಯುವ ಹತ್ತು ಡ್ರಮ್ಮು ಸರಾಸರಿಗೆ ಸಾಕು. ಹಣ್ಣು ಒಮ್ಮೆಲೇ ಬರುವ ವಾರಕ್ಕೆ ಇಪ್ಪತ್ತು ಬೇಕಾಗುತ್ತವೆ. ಹುಳಿ ಹಣ್ಣಾದ್ದರಿಂದ ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆ ಕೂಡದು. ಸ್ಟೀಲ್ ಅಥವಾ ಆಹಾರ ದರ್ಜೆಯ ಪ್ಲಾಸ್ಟಿಕ್ ಆಗಬೇಕು. ಸೋಸಿದ ಸಿರಪ್ಪಿನಲ್ಲಿ ಕರಗಿದ ಘನಾಂಶ ಶೇ. 65ಕ್ಕಿಂತ ಕಡಿಮೆ ಇರಬಾರದು. ಹಣ್ಣಿನ ಸಿರಪ್ಪಿಗೆ ಆಹಾರ ಸುರಕ್ಷತೆಯ ಮಾನದಂಡವೂ ಅದೇ. ಮೊದಲ ಮಳೆಗೆ ನೆನೆದ ಹಣ್ಣನ್ನು ಒರೆಸದೆ ಹಾಕಿದರೆ ನೀರಿನಂಶ ಏರಿ ಘನಾಂಶ 65ರಿಂದ ಕೆಳಗೆ ಜಾರುತ್ತದೆ, ಹುದುಗು ಹಿಡಿಯಲು ಅಷ್ಟು ಸಾಕು. ತಿಂಗಳೊಳಗೆ ಮುಚ್ಚಳ ಉಬ್ಬುತ್ತದೆ, ತೆರೆದರೆ ಬುಸ್ಸೆಂದು ನೊರೆ ಬರುತ್ತದೆ. ನಾಲಿಗೆಗೆ 60ರ ಸಿಹಿಗೂ 65ರ ಸಿಹಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಘನಾಂಶ ಅಳೆಯಲು ಒಂದೆರಡು ಸಾವಿರಕ್ಕೆ ಸಿಗುವ ಕೈ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ಗೆರೆ ಎಲ್ಲಿದೆ ಎಂದು ಕಾಣುತ್ತದೆ. ಪ್ರತಿ ಡ್ರಮ್ಮಿನ ಅಂಕಿ, ದಿನಾಂಕ, ಬ್ಯಾಚ್ ಸಂಖ್ಯೆ ಪುಸ್ತಕದಲ್ಲಿರಲಿ. ದೂರು ಬಂದಾಗ 30 ಬಾಟಲಿ ವಾಪಸ್ ತರಬೇಕೋ 3,000 ತರಬೇಕೋ ಎಂಬುದನ್ನು ಆ ಪುಸ್ತಕ ಹೇಳುತ್ತದೆ.

ಉದ್ರಿ

ತಯಾರಿಕೆಗಿಂತ ಕಷ್ಟದ ಕೆಲಸ ವಸೂಲಿ. 30 ಅಂಗಡಿಗೆ ತಲಾ 12 ಬಾಟಲಿ "ಮಾರಿದ ಮೇಲೆ ಹಣ" ಎಂಬ ಮಾತಿನ ಮೇಲೆ ಇಟ್ಟರೆ 360 ಬಾಟಲಿ, ಅಂದರೆ 57,600 ರೂಪಾಯಿ ಬೇರೆಯವರ ಕಪಾಟಿನಲ್ಲಿ ಕೂತಂತೆ. ಒಂದು ಪೆಟ್ಟಿಗೆ ನಗದು, ಒಂದು ಪೆಟ್ಟಿಗೆ ಉದ್ರಿ. ಹಿಂದಿನದರ ಹಣ ಬಂದ ಮೇಲೆ ಮುಂದಿನದು. ಈ ನಿಯಮವನ್ನು ಮೊದಲ ಭೇಟಿಯಲ್ಲೇ ಹೇಳಿದರೆ ಯಾರೂ ಬೇಸರಿಸುವುದಿಲ್ಲ. ಆರು ತಿಂಗಳ ನಂತರ ಹೇಳಿದರೆ ಸಂಬಂಧ ಹಳಸುತ್ತದೆ. ದೊಡ್ಡ ಖರೀದಿದಾರರಿಗೆ ಸರಕು ಕೊಡುವ ಮೊದಲು ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡಿರಿ. ಅದು ಆನ್‌ಲೈನಿನಲ್ಲಿ ಉಚಿತ, ಹಣ ಕೇಳುವ ಜಾಲತಾಣಗಳು ಸರ್ಕಾರದವಲ್ಲ. ನೋಂದಾಯಿತ ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕೆಂದು 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ತಡವಾದರೆ ಸರ್ಕಾರದ ಪೋರ್ಟಲಿನಲ್ಲಿ ದೂರು ಕೊಡಬಹುದು.

ನಿಮಗೆ ಹೊಂದುತ್ತದೆಯೇ?

ಧೈರ್ಯ, ಛಲ, ಕನಸು ಇವುಗಳ ಬಗ್ಗೆ ಭಾಷಣ ಕೇಳಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉದ್ಯಮದ ದಿನಚರಿಯಲ್ಲಿ ನಿಜವಾಗಿ ಬರುವ ಕೆಲಸಗಳನ್ನು ನೋಡಿ ಕೇಳಿಕೊಳ್ಳಿ.

ಗುರುತಿಲ್ಲದ ಅಂಗಡಿಗೆ ಹೋಗಿ "ಇದನ್ನು ಇಟ್ಟುಕೊಳ್ಳುತ್ತೀರಾ?" ಎಂದು ಕೇಳಿ, ಬೇಡ ಎನಿಸಿಕೊಂಡು, ಪಕ್ಕದ ಅಂಗಡಿಯಲ್ಲಿ ಅದನ್ನೇ ಕೇಳಲು ನಿಮ್ಮಿಂದ ಆಗುತ್ತದೆಯೇ? ನಿಮಗೆ ಬರಬೇಕಾದ ಹಣವನ್ನು ನೆಂಟರ ಬಳಿಯಾದರೂ ಕೇಳಬಲ್ಲಿರಾ? ಒಂದೇ ಕೆಲಸವನ್ನು ಒಂದೇ ಗುಣಮಟ್ಟದಲ್ಲಿ ಸಾವಿರ ಸಲ ಮಾಡುವ ತಾಳ್ಮೆ ಇದೆಯೇ? ರಾತ್ರಿ ಹತ್ತು ನಿಮಿಷ ಕೂತು ಆ ದಿನದ ಜಮಾ–ಖರ್ಚು ಬರೆಯುತ್ತೀರಾ? ಒಂದು ತಿಂಗಳು ಬರೆದು ನೋಡಿ. ಬರೆಯಲಾಗದಿದ್ದರೆ ಬರೆಯುವವರನ್ನು ಜೊತೆಗೆ ಸೇರಿಸಿಕೊಳ್ಳದೆ ಮುಂದೆ ಹೋಗಬೇಡಿ. ಮಾರಾಟ ಬಾರದವರು ಮಾರಾಟ ಬರುವ ಪಾಲುದಾರರನ್ನು ಹುಡುಕಬಹುದು, ತಯಾರಿಕೆ ಬಾರದವರು ಬೇರೆಯವರಿಂದ ಮಾಡಿಸಿ ಮಾರಬಹುದು. ಆದರೆ ತಿಂಗಳ ಕೊನೆಗೆ ಇಷ್ಟೇ ಬರುತ್ತದೆ ಎಂಬ ಖಾತ್ರಿ ಇಲ್ಲದೆ ನಿದ್ದೆ ಬಾರದವರಿಗೆ ಪಾಲುದಾರರು ಸಹಾಯವಾಗುವುದಿಲ್ಲ. ಅದು ದೋಷವೇನೂ ಅಲ್ಲ. ಅಂಥವರು ಸಂಬಳದ ಕೆಲಸ ಬಿಡದೆ ಸಂಜೆ, ಭಾನುವಾರದ ಉದ್ಯಮವಾಗಿ ನಡೆಸುವುದೇ ಸರಿ.

ಸ್ವಭಾವಕ್ಕಿಂತ ದೊಡ್ಡದು ಮನೆಯ ಸ್ಥಿತಿ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುವವರು ಕನಿಷ್ಠ ಆರು ತಿಂಗಳ, ಹಂಗಾಮಿನ ವ್ಯವಹಾರವಾದರೆ ಹನ್ನೆರಡು ತಿಂಗಳ ಮನೆಖರ್ಚನ್ನು ಬೇರೆ ಖಾತೆಯಲ್ಲಿ ಇಟ್ಟಿರಬೇಕು. ಉದ್ಯಮದ ಹಣ, ಮನೆಯ ಹಣ ಒಂದೇ ಖಾತೆಯಲ್ಲಿದ್ದರೆ ಮಳೆಗಾಲದಲ್ಲಿ ಮಗಳ ಕಾಲೇಜು ಶುಲ್ಕಕ್ಕೆ ಹೋದದ್ದು ಮುಂದಿನ ವರ್ಷದ ಹಣ್ಣಿನ ಹಣವಾಗಿರುತ್ತದೆ. ತೋಟದ ಉತಾರೆಯಲ್ಲಿ (ಪಹಣಿಯಲ್ಲಿ) ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಆ ಜಾಗದ ಅಡಮಾನಕ್ಕೆ ಎಲ್ಲರ ಸಹಿ ಬೇಕು. ಆ ಮಾತನ್ನು ಬ್ಯಾಂಕಿನಲ್ಲಿ ಆಡುವ ಮೊದಲು ಮನೆಯಲ್ಲಿ ಆಡಿ. ಪಾಲುದಾರಿಕೆಯಲ್ಲಿ ಒಬ್ಬರು ಮಾಡಿದ ಸಾಲಕ್ಕೆ ಎಲ್ಲ ಪಾಲುದಾರರ ಸ್ವಂತ ಆಸ್ತಿಯೂ ಹೊಣೆ. ಆದ್ದರಿಂದ ಯಾರು ಎಷ್ಟು ಹಾಕುತ್ತಾರೆ, ಯಾರು ಎಷ್ಟು ಹೊತ್ತು ದುಡಿಯುತ್ತಾರೆ, ಒಬ್ಬರು ಬಿಟ್ಟು ಹೋದರೆ ಏನು ಎಂಬ ಮೂರು ವಿಷಯ ಸ್ಟಾಂಪ್ ಕಾಗದದ ಮೇಲಿರಲಿ, ಪಾಲುದಾರ ಸ್ವಂತ ಭಾವನೇ ಆಗಿದ್ದರೂ.

ಸಾಲವಿಲ್ಲದ ಪರೀಕ್ಷೆ

ಹೊಂದುತ್ತದೆಯೇ ಎಂದು ತಿಳಿಯಲು ಮೂರು ತಿಂಗಳ ಸಣ್ಣ ಪರೀಕ್ಷೆ ಸಾಕು. ಕಳೆದುಕೊಂಡರೂ ಸಹಿಸಬಲ್ಲ ಮೊತ್ತವೊಂದನ್ನು ಮೊದಲೇ ಗೊತ್ತು ಮಾಡಿ, ಉದಾಹರಣೆಗೆ 15,000. ಆಹಾರ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲು. ಪರೀಕ್ಷೆಯ ಮಾರಾಟವೂ ಮಾರಾಟವೇ. ಐವತ್ತರಿಂದ ನೂರು ಬಾಟಲಿ ಮಾಡಿ, ಪೂರ್ತಿ ಬೆಲೆಗೆ, ನೆಂಟರಲ್ಲದವರಿಗೆ ಮಾರಿ. ನೆಂಟರು ಕೊಂಡದ್ದನ್ನು ಬೇರೆ ಪುಟದಲ್ಲಿ ಬರೆಯಿರಿ. ಹೊಗಳಿಕೆಯನ್ನು ಎಣಿಸಬೇಡಿ, ಎರಡನೆಯ ಸಲ ಕೊಂಡವರನ್ನು ಎಣಿಸಿ. ಮೊದಲ ಬಾಟಲಿ ಕುತೂಹಲಕ್ಕೆ ಅಥವಾ ದಾಕ್ಷಿಣ್ಯಕ್ಕೆ ಹೋಗುತ್ತದೆ. ಎರಡನೆಯದು ಬೇಕೆಂದು ಹೋದದ್ದು.

ಜಾತ್ರೆಯ ಮಾರಾಟವನ್ನು ನಂಬಿ ಯಂತ್ರ ಕೊಳ್ಳಬೇಡಿ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಇಟ್ಟದ್ದೆಲ್ಲ ಹೋಗುತ್ತದೆ, ಯಾಕೆಂದರೆ ಜನ ಖರ್ಚು ಮಾಡಲೆಂದೇ ಬಂದಿರುತ್ತಾರೆ. ರುಚಿ, ಬೆಲೆ, ಪ್ಯಾಕಿಂಗ್ ಬಗ್ಗೆ ಮಾತು ಕೇಳಲು ಜಾತ್ರೆ ಒಳ್ಳೆಯ ಜಾಗ. ತಿಂಗಳಿಗೆ ಎಷ್ಟು ಹೋಗುತ್ತದೆ ಎಂದು ತಿಳಿಯಲು ಸಾಧಾರಣ ಮಂಗಳವಾರದಂದು ಸಾಧಾರಣ ಅಂಗಡಿಯ ಲೆಕ್ಕವೇ ಬೇಕು. ಸಾಧ್ಯವಾದರೆ ಪರೀಕ್ಷೆಯ ಒಂದು ತಿಂಗಳಾದರೂ ಜುಲೈ ಅಥವಾ ಆಗಸ್ಟ್‌ನಲ್ಲಿ ಬರಲಿ. ಆಗ ಹಪ್ಪಳ ಒಣಗಿಸಲು ಬಿಸಿಲಿಲ್ಲ, ಗಾಳಿಗೆ ತಂತಿ ಹರಿದರೆ ಕರೆಂಟಿಲ್ಲ, ಲೇಬಲಿನ ಅಂಟು ತೇವಕ್ಕೆ ಬಿಡುತ್ತದೆ, ರಟ್ಟಿನ ಪೆಟ್ಟಿಗೆ ಮೆತ್ತಗಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಒಂದೇ ರಸ್ತೆ, ಒಂದೇ ಊರಿನ ಗಿರಾಕಿಯನ್ನು ನೆಚ್ಚಿದವರಿಗೆ ಅಂಥ ದಿನಗಳಲ್ಲಿ ಬೇರೆ ದಾರಿ ಇರುವುದಿಲ್ಲ. ಘಟ್ಟದ ಕೆಳಗೊಂದು, ಮೇಲೊಂದು ದಾಸ್ತಾನು ಇಡಲು ಬರುತ್ತದೆಯೇ ಎಂದು ಆಗಲೇ ಯೋಚಿಸಿ.

ಬರಿಗೈಯಲ್ಲಿ ಕಲಿಯಬೇಕಾಗಿಲ್ಲ. ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ, ಅಂದರೆ ಆರ್‌ಸೆಟಿಗಳಿಗೆ, ಮಾದರಿಯಾದ ರುಡ್‌ಸೆಟ್ 1982ರಲ್ಲಿ ಶುರುವಾದದ್ದು ನಮ್ಮ ಪಕ್ಕದ ದಕ್ಷಿಣ ಕನ್ನಡದ ಉಜಿರೆಯಲ್ಲಿ. ಉತ್ತರ ಕನ್ನಡಕ್ಕೆ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಇಂಥ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ತರಬೇತಿ ಉಚಿತ. ಕಸುಬಿನ ಜೊತೆಗೆ ಲೆಕ್ಕ, ಮಾರಾಟ, ಬ್ಯಾಂಕ್ ವ್ಯವಹಾರವನ್ನೂ ಹೇಳಿಕೊಡುತ್ತಾರೆ. ಧಾರವಾಡದಲ್ಲಿ ಕರ್ನಾಟಕ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ (ಸಿಡಾಕ್), ಕಾರವಾರದಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರ ಇವೆ.

ಕಾಗದಪತ್ರದಲ್ಲಿ ಇಲ್ಲಿನವರು ಎಡವುವ ಜಾಗಗಳು

ಕಾರವಾರದವರಿಗೆ ಗೋವಾದ ಮಡಗಾಂವ್ ಹತ್ತಿರದ ಪೇಟೆ. ಅಲ್ಲಿನ ಕಾಣಕೋಣದ ಅಂಗಡಿಗೆ ನಾಲ್ಕು ಪೆಟ್ಟಿಗೆ ಕೊಡುವುದು ಸಹಜ. ಆದರೆ ಗಡಿ ದಾಟಿದರೆ ಅದು ಅಂತರರಾಜ್ಯ ಮಾರಾಟ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ, ಸೇವೆ ಒದಗಿಸುವವರಿಗೆ 20 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ತೆರಿಗೆಗೆ ಒಳಪಡುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ಈ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ, ಮಾರಿದ್ದು ಹತ್ತು ಸಾವಿರದ್ದಾದರೂ ಅಷ್ಟೇ. ಗೋವಾ ಪೇಟೆ ನಿಮ್ಮ ಯೋಜನೆಯಲ್ಲಿದ್ದರೆ ತೆರಿಗೆಯನ್ನೂ ರಿಟರ್ನ್ಸ್ ಸಲ್ಲಿಸುವ ಖರ್ಚನ್ನೂ ಮೊದಲೇ ಬೆಲೆಯಲ್ಲಿ ಸೇರಿಸಿ.

ಲೇಬಲಿನ ಮೇಲೆ ತಯಾರಕರ ಹೆಸರು, ಪೂರ್ಣ ವಿಳಾಸ, ನಿವ್ವಳ ಪ್ರಮಾಣ, ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಿಸಿದ ಮತ್ತು ಬಳಸಬೇಕಾದ ಕೊನೆಯ ದಿನಾಂಕ, ಬ್ಯಾಚ್ ಸಂಖ್ಯೆ, ಪ್ರಮಾಣದ ಇಳಿಕೆ ಕ್ರಮದಲ್ಲಿ ಪದಾರ್ಥಗಳು, ಸಸ್ಯಾಹಾರದ ಹಸಿರು ಗುರುತು, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ದೂರಿಗೆ ಫೋನ್ ನಂಬರು ಇರಬೇಕು. ಹತ್ತು ಸಾವಿರ ಲೇಬಲ್ ಒಮ್ಮೆಲೇ ಅಚ್ಚು ಹಾಕಿಸಿ ಒಂದು ಸಾಲು ತಪ್ಪಿದರೆ ಎಲ್ಲವೂ ರದ್ದಿ; ಮೊದಲ ಸಲ ಐನೂರು ಸಾಕು. ಶಿರಸಿ ಅಡಿಕೆಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಊರಿನ ವಿಶಿಷ್ಟ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ. ಆ ಗುರುತನ್ನು ಲೇಬಲಿನಲ್ಲಿ ಹಾಕಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು.

ಜಾಗದ ವಿಷಯ ಇನ್ನೂ ಸೂಕ್ಷ್ಮ. ತೋಟಕ್ಕೆ ಬಿಟ್ಟ ಸೊಪ್ಪಿನ ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕಿನ (ಒಣ ಎಲೆಯ) ಹಕ್ಕು; ಶೆಡ್ ಕಟ್ಟುವ ಹಕ್ಕಲ್ಲ. ಅತಿಕ್ರಮಣದ ಜಾಗಕ್ಕೆ ಬ್ಯಾಂಕ್ ಸಾಲ ಹುಟ್ಟುವುದಿಲ್ಲ. ಮಾಲ್ಕಿ (ಸ್ವಂತ ಹಕ್ಕಿನ) ಕೃಷಿ ಜಮೀನಾದರೆ ಕೃಷಿಯೇತರ ಬಳಕೆಗೆ ಭೂಪರಿವರ್ತನೆ ಬೇಕೇ ಎಂದು ಕೇಳಿ. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ಕಟ್ಟಡ ಕಟ್ಟುವ ಹೋಂಸ್ಟೇ ಯೋಚನೆ ಇದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಮೊದಲು, ವಾಸ್ತುಶಿಲ್ಪಿ ಆಮೇಲೆ. ಇದಾವುದೂ ಬೇಡವೆಂದರೆ ಮೊದಲ ಎರಡು ವರ್ಷ ಪರಿವರ್ತನೆಯಾದ ಕಟ್ಟಡದಲ್ಲಿ ಬಾಡಿಗೆಗೆ ಇರುವುದೇ ಜಾಣತನ.

ಸಾಲ, ಸಬ್ಸಿಡಿ

ಮುದ್ರಾ ಸಾಲದಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ, ಅಡಮಾನ ಬೇಡ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ (ಪಿಎಂಇಜಿಪಿ) ನಿಯಮದಲ್ಲಿ ಗ್ರಾಮೀಣ ಪ್ರದೇಶದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ. 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗದವರಿಗೆ ಶೇ. 35 ಸಹಾಯಧನ. ಇಂಥ ಯೋಜನೆಗಳು ಅವಧಿಗೆ ಬದ್ಧ. ಈಗ ಅರ್ಜಿ ತೆರೆದಿದೆಯೇ, ಪ್ರಮಾಣ ಬದಲಾಗಿದೆಯೇ ಎಂದು ಕೈಗಾರಿಕಾ ಕೇಂದ್ರದಲ್ಲಿ ಕೇಳಿಯೇ ಯೋಜನೆ ಬರೆಯಿರಿ.

ಸಹಾಯಧನದ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಅದು ಕೈಗೆ ಬರುವ ನಗದು ಎಂಬುದು. ಗ್ರಾಮೀಣ ಭಾಗದ ಸಾಮಾನ್ಯ ವರ್ಗದವರ 10 ಲಕ್ಷದ ಯೋಜನೆಯಲ್ಲಿ ಸ್ವಂತ ಪಾಲು 1 ಲಕ್ಷ, ಬ್ಯಾಂಕ್ ಸಾಲ 9 ಲಕ್ಷ. 2.5 ಲಕ್ಷ ಸಹಾಯಧನ ಬ್ಯಾಂಕಿನಲ್ಲೇ ಠೇವಣಿಯಾಗಿ 3 ವರ್ಷ ಇರುತ್ತದೆ. ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ನಡುವೆ ಬಾಗಿಲು ಹಾಕಿದರೆ ಸಿಗುವುದಿಲ್ಲ, ಸಾಲ ಪೂರ್ತಿ ನಿಮ್ಮ ತಲೆಯ ಮೇಲೆ. ಮಂಜೂರಾತಿಗೆ ಮೊದಲೇ ಯಂತ್ರ ಕೊಂಡು ಬಿಲ್ಲು ತೋರಿಸಿದರೂ ನಡೆಯುವುದಿಲ್ಲ. ಸಹಾಯಧನವಿಲ್ಲದೆ ಸಮಬಿಂದು ತಲುಪುವ ಯೋಜನೆಗೆ ಮಾತ್ರ ಅದನ್ನು ಕೇಳಿ.

ಕಂತಿನ ಸ್ವರೂಪ ನಿಮ್ಮ ಆದಾಯದ ಸ್ವರೂಪಕ್ಕೆ ಹೊಂದಬೇಕು. ವಾರವಾರ ಕಟ್ಟುವ ಸಾಲ ದಿನವೂ ಮಾರುವ ಮೀನು, ಹಾಲು, ತಿಂಡಿ ಅಂಗಡಿಗೆ ನಡೆಯುತ್ತದೆ. ವರ್ಷಕ್ಕೊಮ್ಮೆ ಹಣ ಬರುವ ಮುರುಗಲಿಗೆ ಅದೇ ಸಾಲ ತೆಗೆದರೆ ಜುಲೈ ತಿಂಗಳ ಕಂತಿಗೆ ಇನ್ನೊಂದು ಸಾಲ ಹುಡುಕಬೇಕಾಗುತ್ತದೆ. ಬ್ಯಾಂಕಿನಲ್ಲಿ ಮೊದಲ ಕಂತಿಗೆ ಬಿಡುವಿನ ಅವಧಿ ಕೇಳಿ, ದುಡಿಯುವ ಬಂಡವಾಳಕ್ಕೆ ಬೇಕಾದಾಗ ತೆಗೆದು ಬಂದಾಗ ಕಟ್ಟುವ ಕ್ಯಾಶ್ ಕ್ರೆಡಿಟ್ ಖಾತೆ ಕೇಳಿ. ಮಳೆಗಾಲದ ನಾಲ್ಕು ತಿಂಗಳ ಜಮಾ–ಖರ್ಚನ್ನು ಬೇರೆಯಾಗಿ ತೋರಿಸಿದ ಯೋಜನಾ ವರದಿ ಇದ್ದರೆ ಮ್ಯಾನೇಜರರ ಮುಂದೆ ಈ ಮಾತು ಎತ್ತುವುದು ಸುಲಭ.

ನಿಲ್ಲಿಸುವ ಗೆರೆ

ಶುರು ಮಾಡುವ ದಿನವೇ ನಿಲ್ಲಿಸುವ ಗೆರೆಯನ್ನೂ ಬರೆದಿಡಿ. ಎರಡು ಹಂಗಾಮು ಕಳೆದರೂ ಸಮಬಿಂದುವಿನ ಅರ್ಧ ದಾಟದಿದ್ದರೆ, ಅಥವಾ ಮನೆಖರ್ಚಿಗೆಂದು ಇಟ್ಟ ಹಣಕ್ಕೆ ಎರಡನೆಯ ಸಲ ಕೈ ಹಾಕಬೇಕಾಗಿ ಬಂದರೆ, ಹೊಸ ಸಾಲ ಮಾಡದೆ ನಿಲ್ಲಿಸುವುದು ಎಂದು. ಆ ಕಾಗದದ ಪ್ರತಿ ಮನೆಯವರ ಬಳಿಯೂ ಇರಲಿ. ನಷ್ಟದಲ್ಲಿರುವಾಗ ಇನ್ನೊಂದು ಬೇಸಿಗೆ ನೋಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ.

ಮುಚ್ಚುವುದಕ್ಕೂ ಕ್ರಮವಿದೆ. ಮೊದಲು ಹೊಸ ಕಚ್ಚಾ ಸಾಮಗ್ರಿ ನಿಲ್ಲಿಸಿ, ಇದ್ದ ದಾಸ್ತಾನು ಮಾರಿ, ಉದ್ರಿ ವಸೂಲು ಮಾಡಿ. ಕೂಲಿಯವರ, ಹಣ್ಣು ಕೊಟ್ಟವರ ಬಾಕಿ ಮೊದಲು ತೀರಿಸಿ, ಮುಂದೆ ಬೇರೇನು ಮಾಡಿದರೂ ಊರಲ್ಲಿ ಅವರೇ ಬೇಕು. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಣೆಯ ಮಾತಾಡಿ. ತಪ್ಪಿದ ಕಂತು ಸಾಲ ತೀರಿಸಿದ ಚರಿತ್ರೆ ಇಡುವ ಸಿಬಿಲ್ ದಾಖಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಜಿಎಸ್‌ಟಿ ಇದ್ದರೆ ನೋಂದಣಿ ರದ್ದು ಮಾಡಿಸಿ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಸಲ್ಲಿಸಿ. ಸುಮ್ಮನೆ ಬಿಟ್ಟರೆ ವ್ಯಾಪಾರವಿಲ್ಲದಿದ್ದರೂ ತಡಶುಲ್ಕ ಬೆಳೆಯುತ್ತಲೇ ಹೋಗುತ್ತದೆ. ಆಹಾರ ಪರವಾನಗಿ ಹಿಂದಿರುಗಿಸಿ, ಉದ್ಯಮ್ ನೋಂದಣಿ ರದ್ದು ಮಾಡಿಸಿ. ಡ್ರಮ್ಮು, ಸೀಲಿಂಗ್ ಯಂತ್ರ, ತಕ್ಕಡಿಗಳನ್ನು ಮಾರುವುದಾದರೆ ಫೆಬ್ರುವರಿಯಲ್ಲಿ ಮಾರಿ. ಹೊಸ ಸುಗ್ಗಿಗೆ ತಯಾರಾಗುವವರು ಕೊಳ್ಳಲು ಬರುವುದು ಆಗಲೇ, ಮಳೆಗಾಲದಲ್ಲಿ ಅರ್ಧ ಬೆಲೆಯೂ ಹುಟ್ಟುವುದಿಲ್ಲ.